ಹೇಳಬಾರದ ಮೂರು ತಿಂಗಳು

ಆ ವರ್ಷದ ಮಳೆಗಾಲವಿಡೀ ನಾನು ನಿದ್ದೆಯಲ್ಲೇ ಓಡಾಡಿದೆ. ಸಯನ್‌ನಲ್ಲಿ ಲೋಕಲ್ ಹತ್ತಿ ಹೆಂಗಸರ ಡಬ್ಬದಲ್ಲಿ ಕಂಬಿ ಹಿಡಿದು ನಿಂತರೆ ಸಾಕು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮಾಟುಂಗ, ದಾದರ್, ಪರೇಲ್. ಈ ಮೂರು ಸ್ಟೇಷನ್ ಬರುವಷ್ಟರಲ್ಲಿ ಒಂದು ಇಡೀ ಕನಸು ಮುಗಿದಿರುತ್ತಿತ್ತು. ಕನಸಿನಲ್ಲಿ ಜನ ಯಾರೂ ಇರುತ್ತಿರಲಿಲ್ಲ. ಕೆಂಪಗಿನ, ಬೆಚ್ಚಗಿನ, ಒದ್ದೆಯಾದ ಒಂದು ಜಾಗ ಮಾತ್ರ. ಅದರ ಗೋಡೆಗಳು ನಿಧಾನವಾಗಿ ಉಸಿರಾಡುತ್ತಿದ್ದವು. ಎಚ್ಚರವಾದಾಗ ಯಾರದೋ ಛತ್ರಿಯ ನೀರು ನನ್ನ ಸೀರೆಯ ನೆರಿಗೆಗೆ ಇಳಿಯುತ್ತಿರುತ್ತಿತ್ತು. ಇಳಿದು ಮೆಟ್ಟಿಲು ಹತ್ತುವಾಗಲೂ ನಾನು ಅರ್ಧ ಆ ಕೆಂಪು ಜಾಗದಲ್ಲೇ ಇರುತ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾನು ಪರೇಲಿನ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿ. ನಮ್ಮ ಕೆಲಸ ಮಾಸಿನ ಬಗ್ಗೆ. ಹೆರಿಗೆಯಾದ ಮೇಲೆ ಮಗುವಿನ ಹಿಂದೆ ಹೊರಬಂದು, ಯಾರೂ ಎರಡನೆಯ ಸಲ ನೋಡದ ಅದೇ ಮಾಸು. ತಾಯಿಯ ಹೊಟ್ಟೆಯೊಳಗಿದ್ದರೂ ಅದು ಹೆಚ್ಚಾಗಿ ಮಗುವಿನದೇ ಅಂಗ. ಅರ್ಧ ತಂದೆಯ ಅಂಶ ಹೊತ್ತ ಪರಕೀಯ ವಸ್ತುವೊಂದು ತಾಯಿಯ ರಕ್ತಕ್ಕೆ ಬೇರು ಬಿಟ್ಟು, ಅವಳ ಮೈಗೆ 'ಈ ತಿಂಗಳು ಮುಟ್ಟಾಗಬೇಡ' ಎಂದು ಅಪ್ಪಣೆ ಕೊಡುತ್ತದೆ. ಆ ಧೈರ್ಯ ಅದಕ್ಕೆ ಎಲ್ಲಿಂದ ಬರುತ್ತದೆ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು.

ನನ್ನ ಗಂಡ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಅವರಿಗೆ ಅರ್ಥವಾಗಲೆಂದು ಒಂದು ದಿನ ಹೀಗೆ ಹೇಳಿದ್ದೆ. "ನಿಮ್ಮ ಹೋಟೆಲಿನ ಉಗ್ರಾಣ ಒಂದೇ. ಬೀಗದ ಕೈ ಎಲ್ಲರ ಹತ್ತಿರವೂ ಉಂಟು. ಆದರೆ ದೋಸೆಯವನು ಅಕ್ಕಿ ಉದ್ದಿನ ಡಬ್ಬ ಮಾತ್ರ ತೆಗೆಯುತ್ತಾನೆ, ಸಿಹಿ ಮಾಡುವವನು ಸಕ್ಕರೆ ಡಬ್ಬಕ್ಕೇ ಹೋಗುತ್ತಾನೆ. ಮೈಯ ಕೋಶಗಳೂ ಹಾಗೇ. ಎಲ್ಲದರಲ್ಲೂ ಅವೇ ಜೀನುಗಳು, ಆದರೆ ಒಂದೊಂದು ಕೋಶ ತನಗೆ ಬೇಕಾದ್ದನ್ನು ಮಾತ್ರ ತೆರೆಯುತ್ತದೆ. ಮಾಸು ಅಂದರೆ ಒಂಬತ್ತು ತಿಂಗಳಿಗೆ ಬಂದ ಹೊಸ ಭಟ್ಟ. ಬೇರೆ ಯಾರೂ ಮುಟ್ಟದ ಡಬ್ಬ ತೆಗೆಯುತ್ತಾನೆ, ಹೊತ್ತಿಗೆ ಸರಿಯಾಗಿ ಮುಚ್ಚುತ್ತಾನೆ. ಯಾವಾಗ ಯಾವುದನ್ನು ತೆಗೆಯಬೇಕೆಂದು ಅವನಿಗೆ ಹೇಳುವವರು ಯಾರು?"

ಅವರು, "ಅಷ್ಟು ಲಾಯ್ಕಿನ ಭಟ್ಟ ಸಿಕ್ಕಿದರೆ ನಮ್ಮಲ್ಲಿಗೆ ಕಳಿಸು ಮಾರಾಯ್ತಿ" ಎಂದರು.

ಪ್ರಯೋಗ ನಡೆಯುತ್ತಿದ್ದದ್ದು ಇಲಿಗಳ ಮೇಲೆ. ಇಲಿಯ ಬಸಿರು ಮೂರು ವಾರದ್ದು. ನಮಗೆ ಒಂಬತ್ತು ತಿಂಗಳಲ್ಲಿ ಆಗುವುದೆಲ್ಲ ಅದಕ್ಕೆ ಮೂರು ವಾರದಲ್ಲಿ ಆಗಿಹೋಗುತ್ತದೆ. ಜೀನೊಂದು ಕೆಲಸಕ್ಕೆ ಇಳಿದಾಗ ತನ್ನ ನಕಲನ್ನು ಒಂದು ಚೀಟಿಯಂತೆ ಬರೆದು ಹೊರಗೆ ಕಳಿಸುತ್ತದೆ, ಆರ್‌ಎನ್‌ಎ ಎಂದು ಅದರ ಹೆಸರು. ಆ ಚೀಟಿ ಬರೆಯಲು ಬೇಕಾದ ಪದಾರ್ಥವೊಂದಕ್ಕೆ ವಿಕಿರಣದ ಗುರುತು ಹಾಕಿ, ಬಸುರಿ ಇಲಿಗೆ ಚುಚ್ಚುವುದು. ಸ್ವಲ್ಪ ಹೊತ್ತಿನ ಮೇಲೆ ಮಾಸನ್ನು ತೆಗೆದು ತೆಳ್ಳಗೆ ಸೀಳಿ ಗಾಜಿನ ಪಟ್ಟಿಗೆ ಅಂಟಿಸುವುದು. ಆಮೇಲೆ ಕತ್ತಲೆ ಕೋಣೆಯಲ್ಲಿ ಫೋಟೋ ಫಿಲ್ಮಿಗೆ ಬಳಿಯುವಂಥ ದ್ರವದಲ್ಲಿ ಅದ್ದಿ, ಕಪ್ಪು ಪೆಟ್ಟಿಗೆಯಲ್ಲಿ ಮುಚ್ಚಿ ಕೆಲವು ವಾರ ಬಿಡುವುದು. ಎಲ್ಲೆಲ್ಲಿ ಜೀನುಗಳು ಎಚ್ಚರವಾಗಿದ್ದವೋ ಅಲ್ಲಲ್ಲಿ ಆ ಗುರುತು ಸೇರಿಕೊಂಡಿರುತ್ತದೆ. ಪಟ್ಟಿಯನ್ನು ತೊಳೆದು ನೋಡಿದರೆ ಅಲ್ಲೆಲ್ಲ ಕಪ್ಪು ಕಾಳುಗಳು, ಚೆಲ್ಲಿದ ಸಾಸಿವೆಯ ಹಾಗೆ. ಮಲಗಿದ್ದ ಜೀನುಗಳ ಜಾಗ ಮಾತ್ರ ಖಾಲಿ.

ನಮ್ಮ ಮುಖ್ಯಸ್ಥೆ ಮದುವೆಯಾಗದ, ಮಿತಭಾಷಿ ಹೆಂಗಸು. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಆ ಗುರುತಿನ ಪದಾರ್ಥ ಮೊದಲ ಸಲ ಬಂದ ದಿನ ನಮ್ಮನ್ನು ನಿಲ್ಲಿಸಿಕೊಂಡು ಅವರು ಹೇಳಿದ್ದು ಎರಡೇ ಮಾತು. ಇದರ ಕಿರಣ ಕೈಯ ಚರ್ಮವನ್ನೂ ದಾಟುವುದಿಲ್ಲ, ಆದರೆ ಪದಾರ್ಥವೇ ಮೈಯೊಳಗೆ ಹೋಗಬಾರದು. ಯಾರಾದರೂ ಬಸುರಾದರೆ ಅವತ್ತೇ ಬಂದು ನನಗೆ ಹೇಳಬೇಕು, ಬೇರೆ ಕೆಲಸ ಕೊಡುತ್ತೇನೆ. ಎಷ್ಟು ಸುಲಭದ ಮಾತು! ಬಾಗಿಲು ತಟ್ಟಿ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು.

ಆದರೆ ನಮ್ಮ ಮನೆಯಲ್ಲಿ ಅತ್ತೆ ಇದ್ದರು. ಹಿಂದಿನ ವರ್ಷ ನನಗೆ ಮುಟ್ಟು ನಿಂತಾಗ ನಾನು ಸಂತೋಷ ತಡೆಯಲಾಗದೆ ಬಿಲ್ಡಿಂಗಿನ ಮೂರು ಮಾಳಿಗೆಗೂ ಹೇಳಿದ್ದೆ, ಪ್ರಯೋಗಶಾಲೆಯಲ್ಲೂ ಹೇಳಿದ್ದೆ. ಮೂರನೆಯ ತಿಂಗಳಿಗೆ ಕಾಲಿಡುವ ಮೊದಲೇ ಹೋಯಿತು. ಹೇಳಿದವರಿಗೆಲ್ಲ ಮತ್ತೆ ಹೋಗಿ, ಹೋಯಿತು ಎಂದು ಹೇಳಬೇಕಾಯಿತು. ಆ ಎರಡನೆಯ ಸುತ್ತು ನನ್ನನ್ನು ಹೋದದ್ದಕ್ಕಿಂತ ಹೆಚ್ಚು ಕೊಂದಿತು. ತಾಯಿ ಇಲ್ಲದ ನನ್ನನ್ನು ಆಗ ಎತ್ತಿ ಕೂರಿಸಿದವರು ಅತ್ತೆಯೇ. ಹಾಗಾಗಿ ಈ ಸಲ ಮತ್ತೆ ನಿಂತಾಗ ಅವರ ಮಾತು ಮೀರುವ ಬಾಯಿ ನನಗಿರಲಿಲ್ಲ.

"ಮೂರು ತಿಂಗಳು ತುಂಬುವವರೆಗೆ ಒಂದು ನರಪಿಳ್ಳೆಗೂ ಗೊತ್ತಾಗ್ಲಿಕ್ಕೆ ಇಲ್ಲ" ಎಂದರು. "ಕಳೆದ ಸಲ ಡಂಗುರ ಸಾರಿದ್ದು ಸಾಕು. ಜನರ ಕಣ್ಣು ಎಂಥದ್ದು ಅಂತ ನಿನ್ನ ಪುಸ್ತಕದಲ್ಲಿ ಬರೆದಿಲ್ಲ."

ಕಣ್ಣಿಗೂ ಗರ್ಭಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹೂಂ ಎಂದೆ. ಭಯ ಇದ್ದಲ್ಲಿ ಓದು ಎಷ್ಟು ಬೇಗ ಬಾಗಿಲು ಬಿಟ್ಟುಕೊಡುತ್ತದೆ ಎಂದು ಆಗ ನೋಡಿದೆ.

"ಮತ್ತೆ ಆ ಸೂಜಿಯ ಕೆಲಸ? ಅದನ್ನು ನಾನು ಮುಟ್ಟಬಾರದು" ಎಂದೆ. ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. ಅವತ್ತು ಪತ್ರೊಡೆಗೆಂದು ತಂದ ಕೆಸು ಅಡಿಗೆಮನೆಯಲ್ಲಿತ್ತು. ಒಂದು ದಂಟು ಮುರಿದು ತಂದು, "ಕೈ ಕೊಡು" ಎಂದರು. ನಾನೇ ಬಲಗೈಯಲ್ಲಿ ಹಿಡಿದು ಎಡಗೈ ಮಣಿಕಟ್ಟಿಗೆ ತಿಕ್ಕಿಕೊಂಡೆ. ಅರ್ಧ ಗಂಟೆಯಲ್ಲಿ ಮಣಿಕಟ್ಟು ಕೆಂಪೇರಿ ದದ್ದು ಎದ್ದಿತು. ತುರಿಕೆ ತಡೆಯಲಾಗದೆ ನಾನು ಕುಣಿಯುತ್ತಿದ್ದರೆ ಅತ್ತೆ ಹುಣಸೆ ನೀರು ಹಿಡಿದು ನಗುತ್ತಿದ್ದರು. ನನಗೂ ನಗು ಬಂತು. ನಾವಿಬ್ಬರೂ ಅಷ್ಟು ಹಗುರಾಗಿ ನಕ್ಕು ಒಂದು ವರ್ಷವಾಗಿತ್ತು.

ಮರುದಿನ ಮೇಡಂಗೆ ಕೈ ತೋರಿಸಿ, ರಬ್ಬರ್ ಗ್ಲೋವ್ಸ್ ನನಗೆ ಆಗುವುದಿಲ್ಲ, ಅಲರ್ಜಿ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಸರಿ, ಸೂಕ್ಷ್ಮದರ್ಶಕದ ಕೆಲಸ ನೋಡಿಕೋ ಎಂದರು. ಸೂಜಿ ಹಿಡಿಯಲು ನನ್ನನ್ನು ಬಿಟ್ಟರೆ ತರಬೇತಿಯಾದವಳು ಒಬ್ಬಳೇ ಇದ್ದಳು.

ಅವಳು ದಹಿಸರ್‌ನಿಂದ ಬರುತ್ತಿದ್ದಳು. ಬಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗವಂಡಿಯ ಮಗಳು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಇಲಿಮನೆಯ ಕೆಲಸಕ್ಕೆ ಸೇರಿ, ಮೇಡಂ ಹತ್ತಿರ ಒಂದೊಂದೇ ಕಲಿತು ಟೆಕ್ನಿಶಿಯನ್ ಆಗಿದ್ದಳು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು, ಮದುವೆಯಾಗಿ ವರ್ಷವಾಗಿತ್ತು. ಅವಳ ಕೈಯಲ್ಲಿ ಇಲಿ ಕಿರುಚುತ್ತಿರಲಿಲ್ಲ. ಬಾಲ ಹಿಡಿದು ಎತ್ತದೆ, ಅಂಗೈ ಒಡ್ಡಿ, ಅದು ತಾನಾಗಿ ಹತ್ತುವವರೆಗೆ ಕಾಯುತ್ತಿದ್ದಳು. "ಬಾರವ್ವಾ, ಬಸುರಿ ಹೆಂಗಸು ನೀ, ಗಡಬಡ ಮಾಡಬ್ಯಾಡ" ಎಂದು ಇಲಿಯ ಜೊತೆ ಮಾತಾಡುತ್ತಿದ್ದಳು. ನಾನು ಮೊದಲು ಅದನ್ನು ಗೇಲಿ ಮಾಡುತ್ತಿದ್ದೆ.

ನನ್ನ ಕೈ ನೋಡಿ, "ಏನ್ ಹಿಂಗಾಗ್ಯದ್ರಿ ಅಕ್ಕಾರ?" ಎಂದಳು. ಮಣಿಕಟ್ಟನ್ನು ತಿರುಗಿಸಿ ನೋಡಿದಳು, ಇನ್ನೊಂದು ಕೈಯನ್ನೂ ನೋಡಿದಳು. "ಬಿಡ್ರಿ. ಸೂಜಿ ನಾ ಹಿಡೀತೀನಿ. ನೀವು ಕಾಳು ಎಣಿಸ್ಕೋತ ಕೂಡ್ರಿ."

ನಾನು ಕಾಳು ಎಣಿಸುತ್ತ ಕೂತೆ. ಆ ದಿನಗಳ ನೆನಪು ಈಗಲೂ ನೀರಿನಡಿಯಿಂದ ನೋಡಿದಂತೆ ಬರುತ್ತದೆ. ಹೊರಗೆ ಮಳೆ, ಬಟ್ಟೆ ಗಿರಣಿಯ ಭೋಂಗಾದ ಕೂಗು, ಮತ್ತೆ ಮಳೆ. ಸೂಕ್ಷ್ಮದರ್ಶಕದ ವೃತ್ತದೊಳಗೆ ನೇರಳೆ ಬಣ್ಣದ ಒಂದು ದೇಶ. ಇಲಿಯ ಮಾಸಿನ ಅಂಚಿನಲ್ಲಿ ದೈತ್ಯ ಕೋಶಗಳಿರುತ್ತವೆ. ಅವು ಒಡೆದು ಎರಡಾಗುವುದಿಲ್ಲ. ಒಳಗಿನ ಜೀನುಗಳ ಗಂಟನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿಕೊಂಡು ಉಬ್ಬುತ್ತ ಹೋಗುತ್ತವೆ. ತಾಯಿಗೂ ಮಗುವಿಗೂ ನಡುವಿನ ಗಡಿ ಕಾಯುವವು ಅವೇ. ಅವುಗಳ ಮೇಲೆ ಕಪ್ಪು ಕಾಳು ದಟ್ಟವಾಗಿ ಕೂತಿರುತ್ತಿತ್ತು, ಪಕ್ಕದ ತಾಯಿಯ ಕೋಶಗಳಲ್ಲಿ ವಿರಳವಾಗಿ. ಹನ್ನೊಂದನೆಯ ದಿನದ ಪಟ್ಟಿ ಒಂದು ಥರ, ಹದಿನಾಲ್ಕನೆಯ ದಿನದ್ದು ಇನ್ನೊಂದು ಥರ. ಮಾತಾಡುತ್ತಿದ್ದ ಜೀನುಗಳು ಸುಮ್ಮನಾಗಿರುತ್ತಿದ್ದವು, ಸುಮ್ಮನಿದ್ದವು ಶುರುಮಾಡಿರುತ್ತಿದ್ದವು. ಯಾವುದಕ್ಕೂ ಗಡಿಬಿಡಿ ಇರಲಿಲ್ಲ. ನೋಡುತ್ತ ನೋಡುತ್ತ ನನಗೆ ನನ್ನ ಹೊಟ್ಟೆಯೊಳಗೇ ಕಣ್ಣಿಟ್ಟು ನೋಡುತ್ತಿದ್ದೇನೆ ಎನ್ನಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಇವತ್ತು ಅಲ್ಲಿ ಯಾವುದು ತೆರೆದಿರಬಹುದು? ಹೋದ ಸಲ ಯಾವುದು ಹೊತ್ತಿಗೆ ಸರಿಯಾಗಿ ತೆರೆಯದೆ ಉಳಿದಿತ್ತು? ಕೇಳಲು ಯಾರೂ ಇರಲಿಲ್ಲ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಪಕ್ಕದ ಕೋಣೆಯಿಂದ ಅವಳು ಸಣ್ಣಗೆ ಕೂಗಿದ್ದು ಕೇಳಿಸಿತು. ಎದ್ದು ಬಾಗಿಲಿಗೆ ಹೋದೆ. ಇಲಿ ಕೊಸರಿಕೊಂಡು, ಸೂಜಿ ಜಾರಿ, ಸಿರಿಂಜಿನ ದ್ರವ ಗ್ಲೋವ್ಸಿನ ಮೇಲಿಂದ ಅವಳ ಮೊಣಕೈಯವರೆಗೆ ಹರಿದಿತ್ತು. ನಾನು ಹೊಸ್ತಿಲು ದಾಟಲಿಲ್ಲ. ದಾಟಬಾರದೆಂದು ನನ್ನ ಕಾಲೇ ನಿರ್ಧರಿಸಿತು. "ತೊಳಿ, ಬೇಗ ತೊಳಿ" ಎಂದು ಅಲ್ಲಿಂದಲೇ ಹೇಳಿದೆ. ಅವಳು ನಲ್ಲಿಯ ಕೆಳಗೆ ಕೈ ಹಿಡಿದು ನಕ್ಕಳು. "ನೀರಿನಂಗ ಅದ ಬಿಡ್ರಿ. ಏನೂ ಆಗಂಗಿಲ್ಲ." ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದುಕೊಂಡಳು. ಯಾಕಿಷ್ಟು ಹೊತ್ತು ತೊಳೆಯುತ್ತಾಳೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಅವತ್ತು ಇರಲಿಲ್ಲ.

ಶ್ರಾವಣದಲ್ಲಿ ನನಗೆ ಮೂರು ತುಂಬಿತು. ಅತ್ತೆ ತಾವೇ ಪೇಡೆ ತರಿಸಿ ಡಬ್ಬಕ್ಕೆ ತುಂಬಿ, "ಈಗ ಹೋಗಿ ಹೇಳು" ಎಂದರು. ಮೇಡಂ ನನ್ನ ತಲೆ ಸವರಿದರು. ಆಮೇಲೆ ನೆನಪಾದವರಂತೆ, "ಆ ಅಲರ್ಜಿ ಇದೇ ಏನು?" ಎಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಮಣಿಕಟ್ಟನ್ನು ಸೆರಗಿನೊಳಗೆ ಸೇರಿಸಿದೆ. "ಹೇಳಬಹುದಿತ್ತು" ಎಂದಷ್ಟೇ ಹೇಳಿ ಅವರು ಕಾಗದಗಳಿಗೆ ತಿರುಗಿದರು. ದಹಿಸರ್‌ನವಳು ಹಿಂದಿನ ವಾರ ಜ್ವರವೆಂದು ನಾಲ್ಕು ದಿನ ರಜೆ ಹಾಕಿ ಅವತ್ತು ತಾನೇ ಬಂದಿದ್ದಳು. ಮುಖ ಬಿಳಿಚಿತ್ತು. ಪೇಡೆ ತೆಗೆದುಕೊಂಡು ಪೂರ್ತಿ ತಿಂದಳು. "ಛಲೋ ಆತ್ರಿ ಅಕ್ಕಾರ" ಎಂದಳು.

ಅದಾಗಿ ಎರಡು ದಿನಕ್ಕೆ ಒಂದು ಪೆಟ್ಟಿಗೆಯ ಪಟ್ಟಿಗಳನ್ನು ತೊಳೆಯುವ ದಿನ ಬಂತು. ಗಾಜಿಗೆ ಅಂಟಿ ಒಣಗಿದ್ದರಿಂದ ಅಪಾಯವಿಲ್ಲವೆಂದು ಮೇಡಂ ನನ್ನನ್ನೂ ಕಳಿಸಿದರು. ಕತ್ತಲೆ ಕೋಣೆಯಲ್ಲಿ ನಾವಿಬ್ಬರೇ. ಮೂಲೆಯಲ್ಲಿ ಮಂದವಾದ ಕೆಂಪು ದೀಪ. ಬೆರಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪಟ್ಟಿಗಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ಸದ್ದು. ಅಷ್ಟು ಹೊತ್ತಿಗೆ ನನಗೆ ಮತ್ತೆ ಆ ನಿದ್ದೆ ಹತ್ತುತ್ತಿತ್ತು.

"ಅಕ್ಕಾರ, ನಂದೂ ಇತ್ರಿ" ಎಂದಳು.

"ಏನು ಇತ್ತು?"

"ಹೊಟ್ಟ್ಯಾಗ. ಎರಡು ತಿಂಗಳದ್ದು. ಹ್ವಾದ ವಾರ ಹೋತು."

ನನ್ನ ಕೈಯಲ್ಲಿದ್ದ ಪಟ್ಟಿ ಬಟ್ಟಲಿನ ಅಂಚಿಗೆ ತಾಗಿ ಟಣ್ ಎಂದಿತು. ಅವಳು ತೆಗೆದುಕೊಂಡು ಸರಿಯಾಗಿ ಇಟ್ಟಳು.

"ಮತ್ತೆ ನೀನು ಯಾಕೆ ಹೇಳಲಿಲ್ಲ? ಅದನ್ನು ಮುಟ್ಟಬಾರದು ಅಂತ ಗೊತ್ತಿತ್ತಲ್ಲ!" ನನ್ನ ದನಿ ಜೋರಾಗಿತ್ತು, ಬೈಯುತ್ತಿದ್ದೆ. ಯಾರನ್ನು ಬೈಯುತ್ತಿದ್ದೆನೋ.

"ನೀವೂ ಹೇಳಲಿಲ್ಲಲ್ರಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಮ್ಮತ್ತಿನೂ ಹಂಗ ಅಂದ್ರು. ಮೂರು ತುಂಬಲಿ, ಯಾರ ಮುಂದನೂ ಬಾಯಿ ಬಿಡಬ್ಯಾಡ ಅಂದ್ರು. ಮತ್ತ ನಿಮಗ ಅಲರ್ಜಿ ಅಲ್ಲ ಅಂತ ನನಗ ಅವತ್ತೇ ತಿಳೀತು. ಗ್ಲೋವ್ಸ್ ಎರಡೂ ಕೈಗೆ ಹಾಕ್ಕೋತೀರಿ, ದದ್ದು ಎಡಗೈಗಷ್ಟ ಎದ್ದಿತ್ತು."

ನಾನು ಇನ್ನೊಂದು ಪಟ್ಟಿಯನ್ನು ಬಟ್ಟಲಿಗೆ ಇಳಿಸಿದೆ.

"ನಂದು ತಿಳಿಯೋ ಹೊತ್ತಿಗೆ ಅರ್ಧಾ ಕೆಲಸ ಮುಗಿದಿತ್ತು. ನಾ ಒಲ್ಲೆ ಅಂದ್ರ ಆ ಸೂಜಿ ನಿಮ್ಮ ಕೈಗೇ ಬರ್ತಿತ್ತಲ್ರಿ. ಹ್ವಾದ ವರ್ಷ ನಿಮ್ಮನ್ನ ನೋಡಿದ್ದೆ ನಾ."

ಆ ಕತ್ತಲೆಯಲ್ಲಿ ಅವಳ ಕೈ ಹುಡುಕಿ ಹಿಡಿದುಕೊಂಡೆ. ಪಟ್ಟಿ ತೊಳೆಯುವ ಡೆವಲಪರಿನಿಂದ ಇಬ್ಬರ ಕೈಯೂ ಜಾರುತ್ತಿತ್ತು. ಮೇಡಂಗೆ ಹೇಳೋಣ, ಆ ಪದಾರ್ಥ ಎಷ್ಟು ಒಳಗೆ ಹೋಗಿದೆಯೆಂದು ಪರೀಕ್ಷೆ ಮಾಡಿಸೋಣ ಎಂದೆ. "ಬ್ಯಾಡ್ರಿ, ನೌಕರಿ ಹೋಗ್ತದ, ನಿಮ್ಮ ಕಾಲು ಬೀಳ್ತೀನಿ" ಎಂದಳು. ನಾನು ಒಪ್ಪಿದೆ. ಒಪ್ಪಿದಾಗ ನನಗೆ ನಿರಾಳವಾಯಿತು ಎಂದೂ ಇಲ್ಲಿ ಬರೆಯಬೇಕು. ಕೆಸುವಿನ ಕಥೆ ಹೊರಗೆ ಬರುವುದು ತಪ್ಪಿತಲ್ಲ ಎಂದು.

ಅದರಿಂದಲೇ ಹೋಯಿತೆಂದು ಯಾರೂ ಹೇಳಲಾರರು. ನನ್ನ ಮೊದಲನೆಯದು ಯಾವ ಸೂಜಿಯೂ ಇಲ್ಲದೆ ಹೋಗಿತ್ತು. ಆ ಪ್ರಮಾಣ ಬಹಳ ಸಣ್ಣದು, ಮಾಸು ತನ್ನಷ್ಟಕ್ಕೆ ತಾನೇ ಸೋಲುವುದು ಸಾಮಾನ್ಯ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅಲ್ಲವೇ ಅಲ್ಲ ಎಂದೂ ಯಾರೂ ಹೇಳಲಾರರು. ಇಷ್ಟು ವರ್ಷದಲ್ಲಿ ನಾನು ಎಲ್ಲ ಕಡೆ ಹುಡುಕಿದ್ದೇನೆ. ನುಂಗಲೂ ಆಗದೆ ಉಗುಳಲೂ ಆಗದೆ ಅದು ಹಾಗೇ ಉಳಿದಿದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಸೌತೆಕಾಯಿ ಹೆಚ್ಚುತ್ತಿದ್ದರು. ಕೈ ನಿಂತಿತು. "ನಾವು ಮಾಡಿದ್ದಾ ಇದು?" ಎಂದರು. ಈಳಿಗೆಮಣೆ ಬದಿಗೆ ಸರಿಸಿ, "ಆ ಹುಡುಗಿಗೆ ತಾಯಿ ಉಂಟಾ?" ಎಂದು ಕೇಳಿದರು.

"ಗೊತ್ತಿಲ್ಲ."

"ಅದನ್ನೂ ಕೇಳ್ಲಿಲ್ವಾ ನೀನು?"

ಅವತ್ತು ಅವರು ಊಟ ಮಾಡಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ನನಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆಯಾದ ಮೇಲೆ ಮಾಸು ತೋರಿಸಿ ಎಂದು ನರ್ಸನ್ನು ಕೇಳಿಕೊಂಡೆ. ಅವಳು ವಿಚಿತ್ರವಾಗಿ ನೋಡಿ ತಟ್ಟೆಯನ್ನು ಹತ್ತಿರ ತಂದಳು. ಒಂದು ಕಡೆ ಕೆಂಪು ಮಾಂಸ, ಇನ್ನೊಂದು ಕಡೆ ನುಣುಪಾದ ನೀಲಿ ಹೊಳಪು, ಅದರ ಮೇಲೆ ಹೊಕ್ಕುಳ ಬಳ್ಳಿಯಿಂದ ಎಲ್ಲ ದಿಕ್ಕಿಗೂ ಹರಡಿದ ನರಗಳು. ಲೋಕಲ್ಲಿನಲ್ಲಿ ನಿಂತು ಕಂಡ ಜಾಗ ಇದೇ ಎನ್ನಿಸಿತು. ಒಂದೂ ಹೊತ್ತು ತಪ್ಪದೆ ತೆರೆದು, ಒಂದೂ ಹೊತ್ತು ತಪ್ಪದೆ ಮುಚ್ಚಿ, ಈಗ ತಟ್ಟೆಯಲ್ಲಿ ಸುಮ್ಮನೆ ಮಲಗಿತ್ತು. ನನಗೆ ಅಳು ಬಂತು. ನರ್ಸು ಅದನ್ನು ತೆಗೆದುಕೊಂಡು ಹೋದಳು.

ಮಗುವಿಗೆ ಎರಡು ತಿಂಗಳಾದಾಗ, ಒಂದು ಭಾನುವಾರ ಅವಳು ಬಂದಳು. ದಹಿಸರ್‌ನಿಂದ ದಾದರ್‌ಗೆ, ಅಲ್ಲಿ ಬದಲಿಸಿ ಸಯನ್‌ಗೆ. ಚೀಲದಿಂದ ಒಂದು ಕುಂಚಿಗೆ ತೆಗೆದಳು. ಅವರ ಕಡೆ ಮಕ್ಕಳ ತಲೆಗೂ ಬೆನ್ನಿಗೂ ಸೇರಿಸಿ ತೊಡಿಸುವ ಟೊಪ್ಪಿ ಅದು. ಹಸಿರು ಖಣದ ಬಟ್ಟೆ, ಕೈಹೊಲಿಗೆ, ಅಂಚಿಗೆ ಕೆಂಪು ದಾರ. ಆ ಬಟ್ಟೆ ಯಾವಾಗ ಕೊಂಡದ್ದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಅವಳು ಹತ್ತಿರ ಬಂದು ಎರಡೂ ಕೈ ಚಾಚಿದಳು.

ನನ್ನ ಕೈ ಏಳಲಿಲ್ಲ.

ಒಂದು ಕ್ಷಣದ ಮಾತು. ಬಸಿರು ಹೋದವಳ ಕೈ, ಬಸಿರು ಹೋದವಳ ಕಣ್ಣು ಎಂದು ಒಳಗೆ ಏನೋ ಹೇಳಿತು. ಹೇಳಿದ್ದು ಅತ್ತೆಯ ದನಿಯಲ್ಲಿ ಅಲ್ಲ, ನನ್ನದೇ ದನಿಯಲ್ಲಿ. ಜೀನು ಎಂದರೇನು, ಗರ್ಭ ಎಂದರೇನು ಎಂದು ಬಲ್ಲ ನಾನು, ಅವಳ ದೆಸೆಯಿಂದ ಆ ಮಗುವನ್ನು ಹಡೆದ ನಾನು, ನನ್ನ ಎರಡೂ ತೋಳನ್ನು ಮಗುವಿನ ಸುತ್ತ ಬಿಗಿ ಮಾಡಿದೆ. ಅವಳು ನೋಡಿದಳು. ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಮಲಗ್ಯಾಳ. ಇರಲಿ ಬಿಡ್ರಿ" ಎಂದಳು.

ಮಗು ಮಲಗಿರಲಿಲ್ಲ. ಕಣ್ಣು ಪೂರ್ತಿ ಬಿಟ್ಟು ಅವಳನ್ನೇ ನೋಡುತ್ತಿತ್ತು.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒದ್ದೆ ಕೈ ಒರೆಸಿಕೊಳ್ಳುತ್ತ ನೇರ ಬಂದು ಬಗ್ಗಿ, ನನ್ನ ತೋಳು ಬಿಡಿಸಿ ಮಗುವನ್ನು ಎತ್ತಿಕೊಂಡರು. "ಮಲಗಿದ್ದು ಎಲ್ಲಿಂದ? ನಿನ್ನನ್ನೇ ನೋಡ್ತಾ ಉಂಟು. ಕೂತ್ಕೋ ಮಗಾ, ಕಾಲು ಚಾಚಿ ಸರಿ ಕೂತ್ಕೋ" ಎಂದು ಅವಳನ್ನು ಚಾಪೆಯ ಮೇಲೆ ಕೂರಿಸಿ, ಮಗುವನ್ನು ಅವಳ ಮಡಿಲಿಗೆ ಹಾಕಿದರು. ಅವಳು ಕುಂಚಿಗೆ ತೊಡಿಸಿ ಗಲ್ಲದ ಕೆಳಗೆ ದಾರ ಕಟ್ಟಿದಳು. ಆಮೇಲೆ ತಲೆ ತಗ್ಗಿಸಿ ಬಹಳ ಹೊತ್ತು ಹಾಗೇ ಇದ್ದಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತರು.

ನನ್ನ ತೊಡೆಯ ಮೇಲೆ ಮಗುವಿನ ಬಿಸಿ ಇನ್ನೂ ಇತ್ತು. ಮಗುವನ್ನು ಅವಳಿಗೆ ಕೊಟ್ಟವರು ಅತ್ತೆ. ನಾನಲ್ಲ.